ನೆಕ್ಸಾನೋ, ಬ್ರೆಝಾವೋ? ಅವ್ವನ ಮೊಣಕಾಲು, ಇಬ್ಬರು ಮಕ್ಕಳು, ಸೇಡಂ ರಸ್ತೆಯ ಟ್ಯಾಂಕರ್‌ಗಳು

ಸೇಡಂ ರಸ್ತೆ ಮಾಸ್ತರ
ಹದಿಮೂರು ವರ್ಷ ದುಡಿದ ನಮ್ಮ ಸಣ್ಣ ಕಾರನ್ನು ಹೋದ ತಿಂಗಳು ಮಾರಿದೆ. ಅಂದಿನಿಂದ ಮನೆಯಲ್ಲಿ ಊಟಕ್ಕೆ ಕುಳಿತರೆ ಇದೊಂದೇ ಮಾತು: ಟಾಟಾ ನೆಕ್ಸಾನ್ ತರುವುದೋ, ಮಾರುತಿ ಬ್ರೆಝಾ ತರುವುದೋ. ಎರಡೂ 3995 ಮಿಲಿಮೀಟರ್ ಉದ್ದ, ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಳಗೆ ಹೊಕ್ಕು ಲೆಕ್ಕ ಹಾಕಲು ಕುಳಿತರೆ ತಲೆ ಗಿರ್ರೆನ್ನುತ್ತದೆ.

ನಮ್ಮ ಅಗತ್ಯ ಹೀಗಿದೆ. ನಾನು, ಹೆಂಡತಿ, ಎಪ್ಪತ್ತೆರಡರ ಅವ್ವ, ಮೂರನೇ ತರಗತಿಯ ಮಗಳು, ಎರಡೂವರೆ ವರ್ಷದ ಮಗ. ವಾರಕ್ಕೊಮ್ಮೆ ಅಫಜಲಪುರದ ಹತ್ತಿರದ ನಮ್ಮ ಹಳ್ಳಿಗೆ ಹೋಗಬೇಕು, ಹೋಗಿ ಬರಲು ಸುಮಾರು ನೂರಾ ಮೂವತ್ತು ಕಿಲೋಮೀಟರ್. ಹುಣ್ಣಿಮೆಗೆ ಗಾಣಗಾಪುರ. ವರ್ಷಕ್ಕೆ ಎರಡು ಮೂರು ಸಲ ಅವ್ವನನ್ನು ಹೈದರಾಬಾದಿಗೆ ತೋರಿಸಲು ಕರೆದೊಯ್ಯಬೇಕು. ಉಳಿದ ದಿನ ಶಾಲೆ, ಸೂಪರ್ ಮಾರ್ಕೆಟ್, ಮನೆ. ಒಟ್ಟು ತಿಂಗಳಿಗೆ ಸಾವಿರ ಕಿಲೋಮೀಟರ್. ಕಾರು ರಸ್ತೆಗಿಳಿಯುವ ಹೊತ್ತಿಗೆ ಹನ್ನೆರಡು ಲಕ್ಷ ದಾಟಬಾರದು. ಅದಕ್ಕಿಂತ ಹೆಚ್ಚು ಸಾಲ ಎಳೆಯಲು ನಾನು ತಯಾರಿಲ್ಲ.

ಅವ್ವನಿಗೆ ಎರಡೂ ಮೊಣಕಾಲು ನೋವು. ಮಗ ಸೀಟಿನಲ್ಲಿ ಕುಳಿತುಕೊಳ್ಳುವುದೇ ಇಲ್ಲ. ಸೇಡಂ ರಸ್ತೆಯ ಸಿಮೆಂಟ್ ಟ್ಯಾಂಕರ್‌ಗಳ ನಡುವೆ ದಿನವೂ ಓಡಿಸುವವನು ನಾನು. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಆಳಂದ ನಾಕಾ
ಬ್ರೆಝಾ. ಕಣ್ಣು ಮುಚ್ಚಿ ತನ್ನಿ. ಹತ್ತು ವರ್ಷದ ಮೇಲೆ ಮಾರಲು ಹೋದಾಗ ನನ್ನ ಮಾತು ನೆನಪಾಗುತ್ತದೆ.

ಬಿದ್ರಿ ಊರಿನವನು
ಕಣ್ಣು ಮುಚ್ಚಿ ಕೊಳ್ಳಲು ಅದೇನು ಬದನೆಕಾಯಿಯೇ ಅಣ್ಣಾ? ಬದನೆಕಾಯಿಯನ್ನೂ ನಾವು ತಿರುಗಿಸಿ ನೋಡುತ್ತೇವೆ.

ಮಾಸ್ತರರೇ, ಸುರಕ್ಷತೆಯ ವಿಷಯದಲ್ಲಿ ಅಂಕಗಳು ಕಣ್ಣ ಮುಂದಿವೆ. 2018ರ ಡಿಸೆಂಬರ್‌ನಲ್ಲಿ ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. ಆಮೇಲೆ ಪರೀಕ್ಷೆಯ ನಿಯಮಗಳು ಬಿಗಿಯಾದವು, ಬದಿಯಿಂದ ಗುದ್ದುವುದು, ಕಂಬಕ್ಕೆ ಗುದ್ದುವುದು ಎಲ್ಲ ಸೇರಿಕೊಂಡವು. ಹೊಸ ರೂಪದ ನೆಕ್ಸಾನ್ 2024ರಲ್ಲಿ ಅದನ್ನೂ ಐದು ನಕ್ಷತ್ರದೊಂದಿಗೆ ದಾಟಿತು. ಅದೇ ವರ್ಷ ನಮ್ಮದೇ ಭಾರತ್ ಎನ್‌ಸಿಎಪಿಯಲ್ಲಿ ದೊಡ್ಡವರ ರಕ್ಷಣೆಗೆ 32ರಲ್ಲಿ 29.41, ಮಕ್ಕಳ ರಕ್ಷಣೆಗೆ 49ರಲ್ಲಿ 43.83 ಅಂಕ ಬಂತು. ಎರಡೂವರೆ ವರ್ಷದ ಮಗು ಇರುವ ಮನೆಯವರು ಆ ಎರಡನೆಯ ಅಂಕಿಯನ್ನು ಎರಡು ಸಲ ಓದಬೇಕು.

ಆಳಂದ ನಾಕಾ
ಬ್ರೆಝಾಕ್ಕೂ ಗ್ಲೋಬಲ್ ಎನ್‌ಸಿಎಪಿಯಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. ಅದನ್ನೇಕೆ ನುಂಗಿದಿರಿ?

ಬಿದ್ರಿ ಊರಿನವನು
ನುಂಗಲಿಲ್ಲ. ಆ ನಾಲ್ಕು ನಕ್ಷತ್ರ ಬಂದದ್ದು 2018ರಲ್ಲಿ, ಹಳೆಯ ವಿಟಾರಾ ಬ್ರೆಝಾಕ್ಕೆ, ಹಳೆಯ ನಿಯಮದ ಪ್ರಕಾರ. ಈಗ ಅಂಗಡಿಯಲ್ಲಿ ನಿಂತಿರುವ ಮಾದರಿ 2022ರಲ್ಲಿ ಬಂದದ್ದು. ಅಣ್ಣನ ಅಂಕಪಟ್ಟಿ ತೋರಿಸಿ ತಮ್ಮನನ್ನು ಕಾಲೇಜಿಗೆ ಸೇರಿಸಲು ಆಗುತ್ತದೆಯೇ? ಈಗಿನ ಬ್ರೆಝಾದಲ್ಲಿಯೂ ಎಲ್ಲ ದರ್ಜೆಗಳಿಗೆ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರೆ, ಗಾಡಿ ಜಾರದಂತೆ ಹತೋಟಿಯಲ್ಲಿಡುವ ಇಎಸ್‌ಪಿ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಏರ್‌ಬ್ಯಾಗ್ ಎಣಿಸುವುದು ಬೇರೆ, ಗುದ್ದಿದಾಗ ಕಾರಿನ ಚೌಕಟ್ಟು ತಡೆದುಕೊಳ್ಳುವುದು ಬೇರೆ.

ಹುಮನಾಬಾದ್ ಸ್ಟೇರಿಂಗ್
ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಆ ಪರೀಕ್ಷೆಯಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ಅಡ್ಡಗಟ್ಟೆಗೆ ಗುದ್ದಿಸುತ್ತಾರೆ. ಅಂದರೆ ಹೆಚ್ಚುಕಡಿಮೆ ನಿಮ್ಮಷ್ಟೇ ತೂಕದ ಇನ್ನೊಂದು ಕಾರು ಎದುರಿಗೆ ಬಂದಂತೆ. ಮಳಖೇಡದಿಂದ ತುಂಬಿಕೊಂಡು ಬರುವ ಟ್ಯಾಂಕರ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಹಿಂದೆ ಹತ್ತು ಅಡಿ ಅಂತರದಲ್ಲಿ ಹೋದರೆ ಐದು ನಕ್ಷತ್ರವೂ ಒಂದೇ, ಸೊನ್ನೆ ನಕ್ಷತ್ರವೂ ಒಂದೇ.

ಇನ್ನೊಂದು, ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹುಮನಾಬಾದ್, ಆಳಂದ ಕಡೆ ಹೋಗುವಾಗ ಎದುರಿನ ಬೆಳಕನ್ನು ನೋಡುತ್ತ ಹೋಗಬೇಡಿ, ಎಡಗಡೆಯ ಅಂಚನ್ನು ನೋಡುತ್ತ ಹೋಗಿ. ಹಿಂದೆ ಕೆಂಪು ದೀಪವಿಲ್ಲದ, ಪ್ರತಿಫಲಕ ಪಟ್ಟಿಯಿಲ್ಲದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಹತ್ತಿರ ಬರುವವರೆಗೂ ಅದು ಕತ್ತಲೆಯ ಒಂದು ತುಂಡಿನಂತೆಯೇ ಕಾಣುತ್ತದೆ. ಕಬ್ಬಿನ ಗರಿಗಳು ಕಾರಿನ ಗಾಜಿಗೆ ಸವರಿದ ಮೇಲೆ ಬ್ರೇಕ್ ಒತ್ತಿದವರನ್ನು ನಾನು ನೋಡಿದ್ದೇನೆ.

ಬಿದ್ರಿ ಊರಿನವನು
ಅಂತರದ ಮಾತು ನೂರಕ್ಕೆ ನೂರು ನಿಜ ಕಾಕಾ. ಆದರೆ ಎಲ್ಲ ಅಪಘಾತವೂ ಟ್ಯಾಂಕರ್‌ಗೆ ಗುದ್ದಿ ಆಗುವುದಿಲ್ಲ. ಮರಕ್ಕೆ, ಕಂಬಕ್ಕೆ, ಇನ್ನೊಂದು ಕಾರಿಗೆ, ದಾರಿಗೆ ಅಡ್ಡ ಬಂದ ಎಮ್ಮೆಗೆ. ಅಲ್ಲಿ ನಕ್ಷತ್ರ ಕೆಲಸಕ್ಕೆ ಬರುತ್ತದೆ.

ಲೆಕ್ಕದ ಪುಸ್ತಕ
ಎಲ್ಲರೂ ಗುದ್ದುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹನ್ನೆರಡು ಲಕ್ಷದ ಮಿತಿಯನ್ನು ಯಾರೂ ಓದಿದಂತಿಲ್ಲ.

ಎರಡೂ ನಾಲ್ಕು ಮೀಟರ್ ಒಳಗಿವೆ, ಆದ್ದರಿಂದ ಎರಡಕ್ಕೂ ಒಂದೇ ತೆರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗೆ ಅಥವಾ ಡೀಸೆಲ್ ಇಂಜಿನ್ 1500 ಸಿಸಿ ಒಳಗೆ ಇದ್ದರೆ ಮಾತ್ರ ಶೇಕಡಾ 18. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇಕಡಾ 40. ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಡೀಸೆಲ್ 1497 ಸಿಸಿ, ಎರಡೂ ಶೇಕಡಾ 18ಕ್ಕೆ ಇಳಿದವು. ಬ್ರೆಝಾದ ಪೆಟ್ರೋಲ್ ಇಂಜಿನ್ 1462 ಸಿಸಿ. ಮೊದಲು ಸೆಸ್ ಸೇರಿ 45 ಇದ್ದದ್ದು 40 ಆಯಿತು, ಅಷ್ಟೇ. ತೆರಿಗೆ ಇಳಿದಾಗ ನೆಕ್ಸಾನ್ 7.32 ಲಕ್ಷದಿಂದ, ಬ್ರೆಝಾ 8.26 ಲಕ್ಷದಿಂದ ಶುರುವಾಗುತ್ತಿತ್ತು.

ಈಗ ನಮ್ಮ ರಾಜ್ಯದ ಜೀವಿತಾವಧಿ ರಸ್ತೆ ತೆರಿಗೆಗೆ ಬನ್ನಿ. 5ರಿಂದ 10 ಲಕ್ಷದ ಕಾರಿಗೆ ಶೇಕಡಾ 14, ಹತ್ತು ಲಕ್ಷ ದಾಟಿದರೆ ಶೇಕಡಾ 17, ಅದೂ ಪೂರ್ತಿ ಬೆಲೆಯ ಮೇಲೆ. ಶೋರೂಮ್ ಬೆಲೆ 9.90 ಲಕ್ಷವಾದರೆ ರಸ್ತೆ ತೆರಿಗೆ 1,38,600. ಬೆಲೆ 10.10 ಲಕ್ಷವಾದರೆ 1,71,700. ಬೆಲೆಯಲ್ಲಿ ಇಪ್ಪತ್ತು ಸಾವಿರ ಹೆಚ್ಚಾದರೆ ತೆರಿಗೆಯಲ್ಲಿ 33,100 ಹೆಚ್ಚಾಗುತ್ತದೆ. ತೆರಿಗೆಯ ಮೇಲಿನ ಸೆಸ್ ಬೇರೆ. ಹತ್ತು ಲಕ್ಷ ದಾಟಿದ ಕಾರಿಗೆ ಶೇಕಡಾ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿಯಬಹುದು, ಆದರೆ ಆ ದಿನ ಕೈಯಿಂದ ಹೋಗುವುದಂತೂ ಹೋಗುತ್ತದೆ.

ಮಾಸ್ತರರೇ, ಹತ್ತು ಲಕ್ಷದ ಗೆರೆಯನ್ನು ಲಕ್ಷ್ಮಣರೇಖೆ ಎಂದು ತಿಳಿಯಿರಿ. ಸನ್‌ರೂಫ್ ಆಸೆಗೆ ಅದನ್ನು ದಾಟಬೇಡಿ.

ಯಾದಗಿರಿ ಗುಡ್ಡ
ನಮ್ಮ ಬಿಸಿಲಿಗೆ ಸನ್‌ರೂಫ್ ಏಕೆ ಬೇಕು? ಏಪ್ರಿಲ್‌ನಲ್ಲಿ ಒಮ್ಮೆ ಮೇಲೆ ಕೈ ಇಟ್ಟು ನೋಡಿ.

ಗಂಜ್ ಕಾಕಾ
ತೆರಿಗೆ ಇಷ್ಟೊಂದಿದ್ದರೆ ಹೈದರಾಬಾದಿನಲ್ಲಿ ಪರಿಚಯದವರ ವಿಳಾಸದ ಮೇಲೆ ತೆಗೆದುಕೊಂಡು ಬಂದರಾಯಿತಲ್ಲ? ಬೀದರಿನ ಕಡೆ ಎಷ್ಟು ಟಿಜಿ ನಂಬರ್ ಗಾಡಿ ಓಡಾಡುತ್ತವೆ.

ಲೆಕ್ಕದ ಪುಸ್ತಕ
ಬೇಡ ಕಾಕಾ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಮತ್ತೆ ನೋಂದಣಿ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು. ಇವರು ಸರ್ಕಾರಿ ಶಾಲೆಯ ಮಾಸ್ತರರೋ ಏನೋ, ತಪಾಸಣೆ ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುವ ಬದುಕು ಏಕೆ? ನಮ್ಮ ಕಲಬುರಗಿಯ ಕೆಎ 32 ಹಾಕಿಸಿಕೊಂಡು ತಲೆ ಎತ್ತಿಕೊಂಡು ಓಡಿಸಲಿ.

ತೊಗರಿ ರಾಶಿ
ಡೀಸೆಲ್ ಬಗ್ಗೆ ಯಾರೂ ಹೇಳಲಿಲ್ಲ. ಬ್ರೆಝಾದಲ್ಲಿ ಡೀಸೆಲ್ ನಿಂತು 2020ಕ್ಕೇ ಮುಗಿಯಿತು. ನೆಕ್ಸಾನ್‌ನಲ್ಲಿ ಇನ್ನೂ ಇದೆ, 260 ಎನ್‌ಎಂ ಎಳೆತ. ಐದು ಜನ, ಎಸಿ, ಹಿಂದೆ ಎರಡು ಚೀಲ ತೊಗರಿಬೇಳೆ ಇಟ್ಟು ಜೇವರ್ಗಿ ಕಡೆ ಲಾರಿ ದಾಟಿಸಿ ನೋಡಿ, ಡೀಸೆಲ್ ಎಂದರೆ ಏನೆಂದು ತಿಳಿಯುತ್ತದೆ.

ಲೆಕ್ಕದ ಪುಸ್ತಕ
ತಿಂಗಳಿಗೆ ಸಾವಿರ ಕಿಲೋಮೀಟರ್‌ಗೆ ಡೀಸೆಲ್ ಹಿಸಾಬು ಕೂಡುವುದಿಲ್ಲ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 92 ಎಂದು ಹಿಡಿಯೋಣ. ಪೆಟ್ರೋಲ್ ಕಾರು 15 ಕಿಲೋಮೀಟರ್, ಡೀಸೆಲ್ 19 ಕೊಟ್ಟರೆ ತಿಂಗಳ ಉಳಿತಾಯ ಸುಮಾರು ಎರಡು ಸಾವಿರ. ಕಾರಿನ ಬೆಲೆಯಲ್ಲಿ ಒಂದೂಕಾಲು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸು ಬರಲು ಐದು ವರ್ಷ ಬೇಕು. ಅದರ ಜೊತೆಗೆ ಹತ್ತು ಲಕ್ಷದ ಗೆರೆಯನ್ನೂ ದಾಟಿಬಿಡಬಹುದು.

ಕಪನೂರು ವೈರಿಂಗ್
ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಗ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಶಾಲೆಗೆ ಎರಡು ಕಿಲೋಮೀಟರ್, ಮಾರ್ಕೆಟ್‌ಗೆ ಮೂರು ಎಂದು ಓಡಿಸಿದರೆ ಅದು ಕಾದು ಮಸಿಯನ್ನು ಸುಟ್ಟುಕೊಳ್ಳಲು ಸಮಯವೇ ಸಿಗುವುದಿಲ್ಲ, ಕಟ್ಟಿಕೊಳ್ಳುತ್ತದೆ.

ತೊಗರಿ ರಾಶಿ
ಅವರು ವಾರಕ್ಕೊಮ್ಮೆ ಅಫಜಲಪುರಕ್ಕೆ ಹೋಗುತ್ತಾರಲ್ಲ ಅಣ್ಣಾ? ಅಲ್ಲಿ ಸುಟ್ಟುಕೊಳ್ಳುತ್ತದೆ ಬಿಡಿ.

ಕಪನೂರು ವೈರಿಂಗ್
ಅದು ಸರಿ, ವಾರಕ್ಕೊಂದು ಉದ್ದನೆಯ ಓಟ ಇದ್ದರೆ ತೊಂದರೆ ಕಡಿಮೆ. ಈ ಮಾತಿನಲ್ಲಿ ನಾನು ಸೋತೆ.

ಆದರೆ ಬೇರೊಂದು ಮುಖ್ಯ ವಿಷಯ ಇದೆ. ಯಾವ ಕಾರನ್ನೇ ತನ್ನಿ, ತಂದ ಮರುದಿನ ಅದನ್ನು ಹಾಳು ಮಾಡಬೇಡಿ. ನನ್ನ ಅಂಗಡಿಗೆ ಬರುವ ಹೊಸ ಕಾರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುಂದಿನ ಸೀಟಿನ ಹೊರಬದಿಯಲ್ಲಿ, ಬಾಗಿಲ ಕಡೆಗೆ, ಬೆರಳಗಲದ ಒಂದು ಚೀಟಿ ಹೊಲಿದಿರುತ್ತಾರೆ, ಅದರ ಮೇಲೆ ಏರ್‌ಬ್ಯಾಗ್ ಎಂದು ಬರೆದಿರುತ್ತದೆ. ಆ ಹೊಲಿಗೆ ಬೇಕೆಂದೇ ಸಡಿಲ. ಬದಿಯಿಂದ ಗುದ್ದಿದಾಗ ಚೀಲ ಆ ಹೊಲಿಗೆಯನ್ನು ಸೀಳಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಹೊರಬರಬೇಕು. ನಮ್ಮವರು ಮಾಡುವುದೇನು? ದಪ್ಪ ಚರ್ಮದ ಹೊದಿಕೆ ಹಾಕಿಸಿ, ಆ ಚೀಟಿಯ ಮೇಲೆಯೇ ಡಬಲ್ ಹೊಲಿಗೆ ಹಾಕಿಸುತ್ತಾರೆ. ಕಳೆದ ವಾರ ಒಂದು ಕಾರಿನಲ್ಲಿ ಆ ಚೀಟಿಯನ್ನು ಕತ್ತರಿಸಿಯೇ ತೆಗೆದಿದ್ದರು, ಹೊದಿಕೆ ನುಣ್ಣಗೆ ಕೂರಲಿ ಎಂದು. ಆರು ಏರ್‌ಬ್ಯಾಗ್‌ಗೆ ದುಡ್ಡು ಕೊಟ್ಟು ಎರಡನ್ನು ಹೊಲಿದು ಮುಚ್ಚಿದಂತಾಯಿತು. ಹೊದಿಕೆ ಬೇಕೇ ಬೇಕು ಎಂದರೆ ಬದಿ ತೆರೆದಿರುವ, ಏರ್‌ಬ್ಯಾಗ್‌ಗೆ ಹೊಂದುವ ಹೊದಿಕೆಯನ್ನೇ ಕೇಳಿ ಹಾಕಿಸಿ.

ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಲೇಬೇಡಿ. 2017ರಲ್ಲೇ ಕೇಂದ್ರದಿಂದ ನಿಷೇಧ ಬಂದಿದೆ. ಗುದ್ದಿದ ಹೊಡೆತ ಸಂವೇದಕಕ್ಕೆ ಸರಿಯಾಗಿ ಮುಟ್ಟುವುದಿಲ್ಲ, ಏರ್‌ಬ್ಯಾಗ್ ತಡವಾಗಬಹುದು, ಬಿಚ್ಚದೆಯೂ ಇರಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಗತಿಯನ್ನು ಕೇಳುವುದೇ ಬೇಡ.

ರಾತ್ರಿ ಪಾಳಿ ನರ್ಸ್
ಮಾಸ್ತರರೇ, ನಿಮ್ಮ ಮಗ ಸೀಟಿನಲ್ಲಿ ಕುಳಿತುಕೊಳ್ಳುವುದಿಲ್ಲ ಎಂದು ಬರೆದಿದ್ದೀರಿ. ನಾನು ಅಲ್ಲೇ ನಿಂತೆ. ಮುಂದಿನದ್ದು ಓದಲಾಗಲಿಲ್ಲ.

ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಒಂದು ರಾತ್ರಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕುಳಿತಿದ್ದ ಮಗುವನ್ನು ತಂದರು. ದೊಡ್ಡ ಅಪಘಾತ ಆಗಿರಲಿಲ್ಲ. ನಾಯಿ ಅಡ್ಡ ಬಂತು, ತಂದೆ ಬ್ರೇಕ್ ಒತ್ತಿದರು, ಅಷ್ಟೇ. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಗುವಿನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದಿತ್ತು, ಒಂಬತ್ತು ಹೊಲಿಗೆ. ತಾಯಿ ಎರಡೂ ಕೈಯಿಂದ ಗಟ್ಟಿಯಾಗಿಯೇ ಹಿಡಿದಿದ್ದರಂತೆ. ಆ ತಾಯಿ ತಮ್ಮ ಕೈಗಳನ್ನೇ ನೋಡುತ್ತ ಬೆಳಗಿನವರೆಗೂ ಬೆಂಚಿನ ಮೇಲೆ ಕುಳಿತಿದ್ದರು.

ತೊಡೆಯ ಮೇಲಿನ ಮಗುವನ್ನು ಯಾವ ತಾಯಿಯ ಕೈಯೂ ತಡೆದು ಹಿಡಿಯಲಾರದು. ಆ ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚಿಕೊಂಡರಂತೂ ಮಗು ಅದಕ್ಕೂ ತಾಯಿಗೂ ನಡುವೆ ಸಿಕ್ಕಿಬೀಳುತ್ತದೆ. ಎರಡೂ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿವೆ. ಮಕ್ಕಳ ಸೀಟನ್ನು ಕಾರಿನ ಜೊತೆಗೇ ಕೊಳ್ಳಿ. ಕೈ ಮುಗಿದು ಕೇಳುತ್ತೇನೆ, ಸಂಗೀತದ ಪೆಟ್ಟಿಗೆ ಆಮೇಲೆ ತನ್ನಿ, ಇದನ್ನು ಮೊದಲು ತನ್ನಿ.

ಆಳಂದ ನಾಕಾ
ಅಕ್ಕಾವರೇ, ನಮ್ಮ ಮಕ್ಕಳು ಅದರಲ್ಲಿ ಕುಳಿತರೆ ಊರು ಕಿತ್ತುಹೋಗುವಂತೆ ಅಳುತ್ತವೆ.

ರಾತ್ರಿ ಪಾಳಿ ನರ್ಸ್
ಅಳಲಿ ಅಣ್ಣಾವರೇ. ಎಂಟು ದಿನ ಅಳುತ್ತವೆ, ಒಂಬತ್ತನೆಯ ದಿನ ಅದರಲ್ಲೇ ನಿದ್ದೆ ಹೋಗುತ್ತವೆ. ನಾನು ನನ್ನ ಮಗಳನ್ನು ಮೊದಲು ಮನೆಯ ಪಡಸಾಲೆಯಲ್ಲಿ ಆ ಸೀಟಿನಲ್ಲಿ ಕೂರಿಸಿ ಊಟ ಮಾಡಿಸಿದೆ. ಆಮೇಲೆ ಕಾರಿಗೆ ಹಾಕಿದೆ. ಕಾನೂನು ಕೂಡ ಇದೆ: ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ.

ಯಾದಗಿರಿ ಗುಡ್ಡ
ದೊಡ್ಡವರೂ ಕಡಿಮೆಯಿಲ್ಲ. ಬೆಲ್ಟಿನ ಸದ್ದು ನಿಲ್ಲಿಸಲು ಬರಿಯ ಕೊಂಡಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ರಸ್ತೆ ಬದಿಯಲ್ಲಿ ಇನ್ನೂ ಸಿಗುತ್ತವೆ.

ಬ್ರಹ್ಮಪುರ ಫಿಜಿಯೋ
ಅವ್ವನ ಮೊಣಕಾಲಿನ ಪ್ರಶ್ನೆ ಹಾಗೇ ಉಳಿದಿದೆ, ನಾನು ಹೇಳುತ್ತೇನೆ. ಎತ್ತರದ ಕಾರು ಹತ್ತಲು ಕಷ್ಟ ಎಂದು ಜನ ಹೆದರುತ್ತಾರೆ. ಮೊಣಕಾಲಿಗೆ ನಿಜವಾದ ಶತ್ರು ತಗ್ಗಿನ ಸೀಟು. ಕುಸಿದು ಕೂರುವುದು, ಕುಸಿದಲ್ಲಿಂದ ಏಳುವುದು, ಅದೇ ನೋವು. ಸೀಟು ಅವರ ತೊಡೆಯ ಮೇಲ್ಭಾಗದ ಮಟ್ಟಕ್ಕೆ ಇದ್ದರೆ ಉತ್ತಮ. ಅದಕ್ಕಿಂತ ಎತ್ತರವಾದರೆ ಜಿಗಿಯಬೇಕಾಗುತ್ತದೆ.

ಒಂದು ಕಾಲು ಒಳಗಿಟ್ಟು ಹತ್ತುವ ಅಭ್ಯಾಸ ಬಿಡಿಸಿ. ಬೆನ್ನು ಸೀಟಿನ ಕಡೆ ಮಾಡಿ ಮೊದಲು ಅಂಚಿನಲ್ಲಿ ಕುಳಿತುಕೊಳ್ಳಬೇಕು, ಆಮೇಲೆ ಎರಡೂ ಕಾಲನ್ನು ಜೋಡಿಸಿ ಒಟ್ಟಿಗೆ ಒಳಗೆ ತಿರುಗಿಸಬೇಕು. ಶೋರೂಮಿಗೆ ಹೋಗುವಾಗ ಅವ್ವ ದಿನವೂ ಉಡುವ ಸೀರೆಯಲ್ಲೇ ಬರಲಿ. ಇಳಕಲ್ ಸೀರೆಯಲ್ಲಿ ಕಾಲು ಎಷ್ಟು ಎತ್ತಲು ಆಗುತ್ತದೆ ಎಂಬುದು ಗೊತ್ತಾಗಬೇಕು. ಮತ್ತೊಂದು, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೋಡಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಕಾಲು ತಿರುಗಿಸಲು ಜಾಗ ಸಿಗುತ್ತದೆ. ಹಿರಿಯರನ್ನು ಹಿಂದೆಯೇ ಕೂರಿಸಬೇಕೆಂದು ಯಾರು ಹೇಳಿದರು?

ಸೇಡಂ ರಸ್ತೆ ಮಾಸ್ತರ
ಎಲ್ಲರಿಗೂ ವಂದನೆ. ನರ್ಸ್ ಅಕ್ಕಾವರ ಮಾತು ಓದಿ ಹೆಂಡತಿ ರಾತ್ರಿ ಮಲಗಲಿಲ್ಲ. ಮಕ್ಕಳ ಸೀಟು ಬೆಳಿಗ್ಗೆಯೇ ತರಿಸಲು ಹೇಳಿದ್ದೇನೆ, ಕಾರು ಇನ್ನೂ ನಿಶ್ಚಯವಾಗಿಲ್ಲ. ಭಾನುವಾರ ಅವ್ವನನ್ನೂ ಕರೆದುಕೊಂಡು ಎರಡೂ ಕಡೆ ಹೋಗುತ್ತೇವೆ. ಡಿಕ್ಕಿಯ ಬಗ್ಗೆ ಹೇಳಿ: ನೆಕ್ಸಾನ್ 382 ಲೀಟರ್, ಬ್ರೆಝಾ 328 ಎಂದಿದೆ. ನಿಜವಾಗಿ ಅಷ್ಟು ವ್ಯತ್ಯಾಸ ಕಾಣುತ್ತದೆಯೇ? ಅವ್ವನ ವಾಕರ್ ಮಡಚಿ ಇಡಬೇಕು. ಗ್ಯಾಸ್ ಕಾರು ತೆಗೆದುಕೊಂಡರೆ ಹೇಗೆ?

ಕಪನೂರು ವೈರಿಂಗ್
ಬ್ರೆಝಾ ಸಿಎನ್‌ಜಿಯಲ್ಲಿ ಸಿಲಿಂಡರ್ ಡಿಕ್ಕಿಯನ್ನೇ ನುಂಗುತ್ತದೆ. ನೆಕ್ಸಾನ್‌ನಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಮಲಗಿಸಿದ್ದಾರೆ, 321 ಲೀಟರ್ ಉಳಿಯುತ್ತದೆ. ಆದರೆ ನಿಮ್ಮ ದಾರಿಯಲ್ಲಿ ಬಂಕ್ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ, ಆಮೇಲೆ ಸಿಎನ್‌ಜಿ ಮಾತು. ವಾಕರ್ ಅನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಇಟ್ಟು ನೋಡಿ. ಲೀಟರಿನಲ್ಲಿ ವಾಕರ್ ಅಳೆಯಲು ಆಗುವುದಿಲ್ಲ.

ಆಳಂದ ನಾಕಾ
ನಾನು ಸುಮ್ಮನಾಗಿದ್ದೇನೆ ಎಂದು ಸೋತೆನೆಂದು ತಿಳಿಯಬೇಡಿ. ಬ್ರೆಝಾದ್ದು ನಾಲ್ಕು ಸಿಲಿಂಡರ್ ಇಂಜಿನ್, ಟರ್ಬೋ ಇಲ್ಲ, ಸರಳ. ನೆಕ್ಸಾನ್ ಪೆಟ್ರೋಲ್ ಮೂರು ಸಿಲಿಂಡರ್. ಬ್ರೆಝಾದ ನಯ ಬೇರೆಯೇ. ಆಟೋಮ್ಯಾಟಿಕ್ ಬೇಕಾದರೆ ಅದರ ಆರು ಗೇರಿನ ಪೆಟ್ಟಿಗೆ ಬೆಣ್ಣೆಯಂತೆ ಹೋಗುತ್ತದೆ. ಮಾರುತಿಯ ಸೇವಾ ಜಾಲ ದೇಶದಲ್ಲೇ ದೊಡ್ಡದು. ತಾಲ್ಲೂಕು ಊರಿನ ಮೆಕ್ಯಾನಿಕ್‌ಗೂ ಅದರ ರಿಪೇರಿ ಗೊತ್ತು. ನನ್ನ ಹಿಂದಿನ ಕಾರು (ಯಾವ ಕಂಪನಿಯದ್ದೆಂದು ಹೇಳುವುದಿಲ್ಲ) ಒಂದು ಸಣ್ಣ ಭಾಗಕ್ಕಾಗಿ ಹತ್ತೊಂಬತ್ತು ದಿನ ಶೆಡ್‌ನಲ್ಲಿ ನಿಂತಿತ್ತು. ನಡುವೆ ತಂಗಿಯ ಸೀಮಂತ ಬಂತು, ಎಲ್ಲರೂ ಬಸ್ಸಿನಲ್ಲಿ ಹೋದೆವು. ಆ ನೋವು ನಕ್ಷತ್ರದ ಪಟ್ಟಿಯಲ್ಲಿ ಬರುವುದಿಲ್ಲ.

ಬಿದ್ರಿ ಊರಿನವನು
ಇದು ನ್ಯಾಯವಾದ ಮಾತು. ಮಾಸ್ತರರೇ, ಶೋರೂಮಿನ ಜೊತೆಗೆ ವರ್ಕ್‌ಶಾಪನ್ನೂ ನೋಡಿ ಬನ್ನಿ. ಬೆಳಿಗ್ಗೆ ಹತ್ತಕ್ಕೆ ಹೋಗಿ, ಕಾರು ಬಿಡಲು ಬಂದ ಗಿರಾಕಿಗಳನ್ನೇ ಮಾತನಾಡಿಸಿ.

ಲೆಕ್ಕದ ಪುಸ್ತಕ
ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂದು ಒತ್ತಾಯಿಸಿದರೆ ಒಪ್ಪಬೇಡಿ, ಹೊರಗಿನ ದರ ಕೇಳಿಕೊಂಡು ಹೋಗಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನಿಮ್ಮ ಕಾರಿನ ಹಾನಿಗೆ ವಿಮೆ ನಿಮ್ಮ ಆಯ್ಕೆ.

ಸೇಡಂ ರಸ್ತೆ ಮಾಸ್ತರ
ಹೋಗಿ ಬಂದೆವು. ಬ್ರೆಝಾದ ನೆಟ್ಟಗಿನ ಪೆಟ್ಟಿಗೆಯಂಥ ಆಕಾರ ಅವ್ವನಿಗೆ ಹಿಡಿಸಿತು, ಹಿಂದಿನ ಸೀಟಿನಲ್ಲಿ ಸಲೀಸಾಗಿ ಕುಳಿತರು. ನಾನು ಅಲ್ಲೇ ಮುಗಿಯಿತು ಎಂದುಕೊಂಡೆ. ಆಮೇಲೆ ನೆಕ್ಸಾನ್‌ನಲ್ಲಿ ಫಿಜಿಯೋ ಅಕ್ಕಾವರು ಹೇಳಿದಂತೆ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ, ಬೆನ್ನು ಮಾಡಿ ಕೂರಿಸಿದೆವು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕಾಲನ್ನೂ ಜೋಡಿಸಿ ಒಳಗೆ ತಿರುಗಿಸಿದರು. ಮುಖದಲ್ಲಿ ನೋವಿನ ಗೆರೆ ಕಾಣಲಿಲ್ಲ. "ಇಲ್ಲಿಂದ ದಾರಿ ಚೆನ್ನಾಗಿ ಕಾಣುತ್ತದೆ, ನಾನು ಇನ್ನು ಹಿಂದೆ ಕೂರುವುದಿಲ್ಲ" ಎಂದರು. ಇಷ್ಟು ವರ್ಷ ಅವರನ್ನು ಹಿಂದೆ ಕೂರಿಸಿ ಮೊಣಕಾಲು ಮಡಚಿಸಿದ್ದು ನಾನೇ. ಅದು ಈಗಲೂ ಚುಚ್ಚುತ್ತಿದೆ.

ಹೆಂಡತಿ ಹಿಂದೆ, ಇಬ್ಬರು ಮಕ್ಕಳ ನಡುವೆ ಅಲ್ಲ, ಒಂದು ಬದಿಗೆ. ಮಗನ ಸೀಟು ಇನ್ನೊಂದು ಬದಿಗೆ, ಮಗಳು ನಡುವೆ ಮೂರು ಬಿಂದುವಿನ ಬೆಲ್ಟಿನಲ್ಲಿ. ವಾಕರ್ ಡಿಕ್ಕಿಯಲ್ಲಿ ಅಡ್ಡಲಾಗಿ ಹಿಡಿಸಿತು. ನೆಕ್ಸಾನ್ ಪೆಟ್ರೋಲ್, ಮ್ಯಾನ್ಯುವಲ್ ಗೇರ್, ಹತ್ತು ಲಕ್ಷದ ಗೆರೆಯ ಒಳಗಿನ ದರ್ಜೆ. ಮುಂಗಡ ಕೊಟ್ಟು ಬಂದೆ.

ಆಳಂದ ನಾಕಾ
ಶುಭವಾಗಲಿ ಮಾಸ್ತರರೇ. ಮಾರುವಾಗ ಸಿಗೋಣ.

ಹುಮನಾಬಾದ್ ಸ್ಟೇರಿಂಗ್
ಕಾರು ಕೈಗೆ ತೆಗೆದುಕೊಳ್ಳುವ ದಿನ ಟೈರಿನ ಬದಿ ನೋಡಿ. ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಐದನೆಯ ಚಕ್ರವನ್ನೂ ನೋಡಿ, ಅದನ್ನೇ ಎಲ್ಲರೂ ಮರೆಯುವುದು. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಹಿಡಿಸಿ. ನಮ್ಮ ಬೇಸಿಗೆಯ ಡಾಂಬರಿನ ಮೇಲೆ ಗಾಳಿ ಕಡಿಮೆ ಇರುವ ಟೈರ್ ಒಳಗೊಳಗೇ ಬೆಂದು ಒಡೆಯುತ್ತದೆ.

ಯಾದಗಿರಿ ಗುಡ್ಡ
ಬಣ್ಣ ಯಾವುದು?

ಸೇಡಂ ರಸ್ತೆ ಮಾಸ್ತರ
ಬಿಳಿ. ಮಗಳು ನೀಲಿ ಎಂದು ಹಟ ಹಿಡಿದಿದ್ದಳು, ಬಿಸಿಲಿನ ಕಾರಣ ಹೇಳಿ ಒಪ್ಪಿಸಿದೆ. ಮೊದಲ ಓಟ ಹಳ್ಳಿಗೇ, ನಮ್ಮ ಹೊಲದವರೆಗೆ.

ತೊಗರಿ ರಾಶಿ
ಹೊಲಕ್ಕೆ ಬೇಡ! ಇವೆರಡೂ ಮುಂದಿನ ಚಕ್ರ ಎಳೆಯುವ ಗಾಡಿಗಳು. ಎಸ್‌ಯುವಿ ಎಂಬ ಹೆಸರು ನಂಬಿ ಮಳೆ ಬಿದ್ದ ಎರೆ ಮಣ್ಣಿಗೆ ಇಳಿಸಿದರೆ ನಾಲ್ಕು ಸುತ್ತಿಗೆ ಟೈರಿನ ಗೀರುಗಳೆಲ್ಲ ಮುಚ್ಚಿ ಉಂಡೆಯಾಗುತ್ತದೆ, ಮಣ್ಣು ಮಡ್‌ಗಾರ್ಡಿಗೆ ತುಂಬಿ ಚಕ್ರವೇ ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಇಂಥ ಮೂರು ಗಾಡಿಗಳನ್ನು ನನ್ನ ಟ್ರ್ಯಾಕ್ಟರ್ ಎಳೆದು ತಂದಿದೆ. ಡಾಂಬರು ಮುಗಿಯುವಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿ. ಅವ್ವನಿಗೆ ಅಲ್ಲಿಯವರೆಗೆ ನಡೆಯಲು ಆಗದಿದ್ದರೆ ಬಂಡಿ ಕಳುಹಿಸಲು ಊರವರಿಗೆ ಮೊದಲೇ ಹೇಳಿಡಿ.